ಮನೆ ವೈನ್‌ಗೆ ಕ್ಲಿಪ್ ಮುಚ್ಚಳದ ಗಾಜಿನ ಬಾಟಲಿ: ನಾಲ್ಕು ವರ್ಷ ಬಳಸಿದ ಮೇಲೆ

ಮಂಗಳೂರಿನ ನಮ್ಮ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಅಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ವೈನ್ ಹಾಕುತ್ತಾರೆ. 21 ದಿನ ಭರಣಿಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿ. ಅದರಲ್ಲಿ ಬದಲಾವಣೆ ಬೇಕಿಲ್ಲ. ತೊಂದರೆ ಬರುತ್ತಿದ್ದದ್ದು ಸೋಸಿದ ಮೇಲೆ ತುಂಬಿಡುವಾಗ.

ಮೊದಲೆಲ್ಲ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ತುಂಬುತ್ತಿದ್ದೆವು. ಹಬ್ಬಕ್ಕೆ ಅರ್ಧ ಖರ್ಚಾಗುತ್ತಿತ್ತು, ಉಳಿದರ್ಧ ಫೆಬ್ರವರಿ ಹೊತ್ತಿಗೆ ಹುಳಿ. ಅಮ್ಮ ದ್ರಾಕ್ಷಿಯನ್ನು ದೂರುತ್ತಿದ್ದರು. ತಪ್ಪು ದ್ರಾಕ್ಷಿಯದ್ದಲ್ಲ, ಬಾಟಲಿಯೊಳಗೆ ಉಳಿದ ಗಾಳಿಯದ್ದು. ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ ವೈನನ್ನು ವಿನೆಗರ್ ಮಾಡಿಬಿಡುತ್ತವೆ. ತೆಳು ಪ್ಲಾಸ್ಟಿಕ್ ಮೂಲಕವೂ ನಿಧಾನವಾಗಿ ಗಾಳಿ ಒಳಗೆ ಹೋಗುತ್ತದೆ.

ಆಗ ತಂದದ್ದು ಅರ್ಧ ಲೀಟರಿನ ಹನ್ನೆರಡು ಗಾಜಿನ ಬಾಟಲಿ. ತಂತಿಯ ಕ್ಲಿಪ್, ಪಿಂಗಾಣಿ ಮುಚ್ಚಳ, ಅದಕ್ಕೊಂದು ರಬ್ಬರ್ ಉಂಗುರ. ಕತ್ತಿನವರೆಗೆ ತುಂಬಿ ಮುಚ್ಚುತ್ತೇವೆ. ಒಂದು ತೆರೆದರೆ ಅದು ಅವತ್ತೇ ಮುಗಿಯುತ್ತದೆ, ಮಿಕ್ಕವು ಹಾಗೇ ಇರುತ್ತವೆ. ಕಳೆದ ಕ್ರಿಸ್‌ಮಸ್‌ನ ಕೊನೆಯ ಬಾಟಲಿಯನ್ನು ಆಗಸ್ಟ್‌ನಲ್ಲಿ ತೆರೆದೆವು. ಅದೇ ಬಣ್ಣ, ಅದೇ ರುಚಿ! ಅಮ್ಮನ ಮುಖ ನೋಡಬೇಕಿತ್ತು.

ಕೊರತೆ ಇಲ್ಲ ಅಂತಲ್ಲ. ನಮ್ಮ ಕರಾವಳಿಯ ಹವೆಗೆ ಎರಡನೇ ಮಳೆಗಾಲದಲ್ಲೇ ನಾಲ್ಕು ಬಾಟಲಿಯ ತಂತಿ ತುಕ್ಕು ಹಿಡಿಯಿತು. ಸ್ಟೇನ್‌ಲೆಸ್ ಸ್ಟೀಲ್ ತಂತಿಯದ್ದನ್ನೇ ಕೇಳಿ ತೆಗೆದುಕೊಳ್ಳಿ. ಮೂರನೇ ವರ್ಷ ರಬ್ಬರ್ ಗಟ್ಟಿಯಾಗಿ ಸೋರತೊಡಗಿತು, ಉಂಗುರ ಮಾತ್ರ ಬದಲಿಸಿದೆ. ಗಾಜು ಬಿಳಿಯದ್ದಾದ್ದರಿಂದ ಬೆಳಕು ತಾಗಬಾರದು ಅಂತ ಕಪಾಟಿನ ಕೆಳಗಿನ ಖಾನೆಯಲ್ಲಿ ಇಡುತ್ತೇನೆ. ಕತ್ತು ಸಣ್ಣದು, ಕೈ ಹೋಗುವುದಿಲ್ಲ. ಒಂದು ಹಿಡಿ ಅಕ್ಕಿ, ಬಿಸಿನೀರು ಹಾಕಿ ಕುಲುಕಿದರೆ ತಳದ ಗಸಿ ಬಿಡುತ್ತದೆ.

ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ. ಗುಳ್ಳೆ ಪೂರ್ತಿ ನಿಂತ ಮೇಲೆಯೇ ತುಂಬಿ. ಹುದುಗು ಇನ್ನೂ ನಡೆಯುತ್ತಿದ್ದರೆ ಒಳಗೆ ಗ್ಯಾಸ್ ಕಟ್ಟಿಕೊಂಡು ಗಾಜೇ ಒಡೆಯಬಹುದು. ಸಣ್ಣ ಮಕ್ಕಳಿರುವ ಮನೆ ಅಲ್ವಾ, ನಾವು ಇನ್ನೂ ಎರಡು ವಾರ ಜಾಸ್ತಿಯೇ ಕಾಯುತ್ತೇವೆ.

ಉಪ್ಪಿನಕಾಯಿ ಹಾಕಿದ್ದ ಭರಣಿಯನ್ನು ವೈನ್‌ಗೆ ಬಳಸಬೇಡಿ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಬೇಡವೇ ಬೇಡ, ವೈನಿನ ಹುಳಿಗೆ ಲೋಹ ಬಿಡುತ್ತದೆ.

ಬಡಿಸಲು ಸಾದಾ ಗಾಜಿನ ಜಗ್ ಇದೆ. ಬಾಟಲಿಯನ್ನು ಅಲುಗಿಸದೆ ನಿಧಾನವಾಗಿ ಬಗ್ಗಿಸಿದರೆ ಗಸಿ ತಳದಲ್ಲೇ ಉಳಿಯುತ್ತದೆ. ಉಡುಗೊರೆ ಬಂದ ಕೆತ್ತನೆಯ ಕ್ರಿಸ್ಟಲ್ ಪಾತ್ರೆಯೂ ಇದೆ. ಅಂಥ ಹಳೆಯ ಕ್ರಿಸ್ಟಲ್‌ನಲ್ಲಿ ಸೀಸ ಇರುತ್ತದೆ, ವೈನನ್ನು ಅದರಲ್ಲೇ ಬಿಟ್ಟರೆ ಸೀಸ ಇಳಿಯುತ್ತದೆ. ಹಬ್ಬದ ರಾತ್ರಿ ಮೇಜಿಗೆ ಇಟ್ಟು, ಊಟ ಮುಗಿದ ಕೂಡಲೇ ಖಾಲಿ ಮಾಡುತ್ತೇವೆ.

ಐದಕ್ಕೆ ನಾಲ್ಕು ಅಂಕ. ಈ ಸಲ ಕಾಲು ಲೀಟರಿನ ಆರು ಬಾಟಲಿ ತರಬೇಕು ಅಂತಿದ್ದೇನೆ, ಅಪ್ಪ ಅಮ್ಮ ಇಬ್ಬರೇ ಇರುವ ದಿನಗಳಿಗೆ.