ಬೂಷ್ಟು ಹಿಡಿದ ಫ್ಲಾಪಿಗಳ ಜೊತೆ ಮೂರು ಮಳೆಗಾಲ: ಗ್ರೀಸ್‌ವೀಸಲ್ ವಿ4 ಬಳಕೆಯ ಅನುಭವ

ಪುತ್ತೂರಿನಲ್ಲಿ ಚಿಕ್ಕಪ್ಪ ಡಿಟಿಪಿ ಅಂಗಡಿ ಮುಚ್ಚಿದಾಗ ನನ್ನ ಪಾಲಿಗೆ ಬಂದದ್ದು ಎರಡು ಬಿಸ್ಕತ್ತಿನ ಡಬ್ಬಿ ತುಂಬ ಫ್ಲಾಪಿಗಳು, ಎಂದರೆ ಹಳೆಯ ಕಂಪ್ಯೂಟರುಗಳು ಕಡತ ಇಡುತ್ತಿದ್ದ ಕಾಂತೀಯ ತಟ್ಟೆಗಳು. ಮದುವೆಯ ಕರೆಯೋಲೆ, ಸಹಕಾರಿ ಸಂಘದ ವರದಿ, ಯಕ್ಷಗಾನದ ಕೆಲವು ಪ್ರಸಂಗಗಳು. ಕರಾವಳಿಯ ಹವೆಗೆ ಅರ್ಧಕ್ಕರ್ಧ ತಟ್ಟೆಗಳ ಮೇಲೆ ಬಿಳಿ ಬೂಷ್ಟು ಕೂತಿತ್ತು.

ಇವನ್ನು ಓದಿಸಲು ಮೊದಲು ಕೊಂಡದ್ದು ಯುಎಸ್‌ಬಿ ಫ್ಲಾಪಿ ಡ್ರೈವ್. ಅದಕ್ಕೆ 5.25 ಇಂಚಿನ ತಟ್ಟೆ ಹೋಗುವುದೇ ಇಲ್ಲ. 3.5 ಇಂಚಿನದರಲ್ಲೂ ಮೊದಲ ಸೆಕ್ಟರ್ (ತಟ್ಟೆಯಲ್ಲಿ ಮಾಹಿತಿ ಕೂರುವ ಒಂದು ತುಂಡು) ಕೆಟ್ಟಿದ್ದರೆ ಮುಗಿಯಿತು, 'ಫಾರ್ಮ್ಯಾಟ್ ಮಾಡಲೇ?' ಎಂದು ಕಂಪ್ಯೂಟರ್ ಕೇಳುತ್ತದೆ. ಕೈತಪ್ಪಿ ಹೌದು ಎಂದಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಗ್ರೀಸ್‌ವೀಸಲ್ ಕೀರ್ ಫ್ರೇಜರ್ ರೂಪಿಸಿದ ಪುಟ್ಟ ಬೋರ್ಡು. ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಹಳೆಯ ಡ್ರೈವಿನ 34 ಪಿನ್ನಿನ ಪಟ್ಟಿ ಕೇಬಲ್. ಇದು ಕಡತಗಳನ್ನು ಹುಡುಕುವುದಿಲ್ಲ. ತಟ್ಟೆಯ ಮೇಲೆ ಕಾಂತೀಯ ದಿಕ್ಕು ಬದಲಾಗುವ ಜಾಗಗಳ ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದನ್ನಷ್ಟೇ ಬರೆದುಕೊಳ್ಳುತ್ತದೆ. ಅರ್ಥ ಮಾಡಿಕೊಳ್ಳುವ ಕೆಲಸವನ್ನು ಆಮೇಲೆ, ತಟ್ಟೆಯನ್ನು ಮತ್ತೆ ಮುಟ್ಟದೆ, ಎಷ್ಟು ಸಲ ಬೇಕಾದರೂ ಮಾಡಬಹುದು. ನಾನು ಪ್ರತಿ ಟ್ರ್ಯಾಕನ್ನು, ಎಂದರೆ ತಟ್ಟೆಯ ಮೇಲಿನ ಒಂದೊಂದು ಉಂಗುರವನ್ನು, ಐದು ಸುತ್ತು ಓದಿಸುತ್ತೇನೆ. 1.44 ಎಂಬಿಯ ಫ್ಲಾಪಿಯ ಈ ದಾಖಲೆ ಹತ್ತಾರು ಮೆಗಾಬೈಟ್ ಆಗುತ್ತದೆ, ಆಗಲಿ ಬಿಡಿ.

ಬೋರ್ಡಿಗಿಂತ ಹೆಚ್ಚು ಕಾಡಿಸಿದ್ದು ಡ್ರೈವುಗಳು. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದ ಎರಡರಲ್ಲಿ ಒಂದು ತಿರುಗಲೇ ಇಲ್ಲ. 5.25 ಇಂಚಿನದಕ್ಕೆ 5 ವೋಲ್ಟ್ ಜೊತೆ 12 ವೋಲ್ಟ್ ಕೂಡ ಬೇಕು. ಹಳೆಯ ಕಂಪ್ಯೂಟರಿನ ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ) ಕಿತ್ತು ಜೋಡಿಸಿದೆ. ನನ್ನದು 1.2 ಎಂಬಿಯ, 80 ಟ್ರ್ಯಾಕಿನ ಡ್ರೈವ್. 360 ಕೆಬಿಯ ತಟ್ಟೆಯಲ್ಲಿರುವುದು 40 ಟ್ರ್ಯಾಕ್, ಹಾಗಾಗಿ ತಟ್ಟೆಯನ್ನು ಓದುವ ಹೆಡ್ಡು ಎರಡೆರಡು ಹೆಜ್ಜೆ ಇಡಬೇಕೆಂದು ಆಜ್ಞೆಯಲ್ಲಿ ಹೇಳಬೇಕು. ಎಲ್ಲವೂ ಆಜ್ಞೆ ಟೈಪಿಸುವ ಕಮಾಂಡ್ ಸಾಲಿನಲ್ಲೇ. ಮೊದಲ ವಾರ ಬೈದುಕೊಂಡೆ, ಈಗ ಕೈಗೆ ಕೂತಿದೆ.

ನನ್ನದೇ ಒಂದು ತಪ್ಪನ್ನು ಹೇಳಲೇಬೇಕು. ಬೂಷ್ಟಿನ ತಟ್ಟೆಯೊಂದನ್ನು ಓದಿಸಿ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸದೆ ಪ್ರಸಂಗಗಳಿದ್ದ ತಟ್ಟೆಯನ್ನು ಹಾಕಿದೆ. ಕಿರ್ರೆಂದು ಸದ್ದಾಯಿತು. ತಕ್ಷಣ ಹೊರತೆಗೆದು ನೋಡಿದರೆ ಅಂಚಿನಲ್ಲಿ ಕಂದು ಲೇಪ ಉಂಗುರದಂತೆ ಕೆರೆದುಹೋಗಿತ್ತು. ಶುಚಿ ಮಾಡಿ ಓದಿಸಿದಾಗ 720 ಸೆಕ್ಟರುಗಳಲ್ಲಿ 702 ಸಿಕ್ಕವು. ಹೋದ 18 ಸೆಕ್ಟರುಗಳು ಎರಡೂ ಬದಿಯ ಮೊದಲ ಟ್ರ್ಯಾಕಿನವು, ಎಂದರೆ ಕಡತಗಳ ಹೆಸರು ಮತ್ತು ಯಾವ ತುಂಡು ಎಲ್ಲಿದೆ ಎಂಬ ಪಟ್ಟಿ ಇರುವ ಜಾಗ. ಪಠ್ಯ ಬಹುಪಾಲು ಉಳಿದಿತ್ತು, ಆದರೆ ದಾರ ಹರಿದ ಮಣಿಸರದಂತೆ. ಚಿಕ್ಕಪ್ಪನೇ ಕೂತು, ಪದ್ಯ ಗುನುಗುತ್ತಾ, ಸಾವಿರ ಚಿಲ್ಲರೆ ಅಕ್ಷರಗಳ ಒಂದೊಂದೇ ತುಂಡನ್ನು ಕ್ರಮಕ್ಕೆ ತಂದರು. ಅಂದಿನಿಂದ ಬೂಷ್ಟಿನ ತಟ್ಟೆಗಳ ಹೊದಿಕೆಯ ಅಂಚು ಕತ್ತರಿಸಿ, ತಟ್ಟೆ ತೆಗೆದು ತೊಳೆದು, ಒಣಗಿಸಿ, ಬೇರೆ ಹೊದಿಕೆಗೆ ಹಾಕಿಯೇ ಓದಿಸುತ್ತೇನೆ. ಬರಹ ತಡೆಯುವ ಸ್ಟಿಕ್ಕರನ್ನು ಓದಿಸುವ ಮೊದಲೇ ಆ ಹೊದಿಕೆಗೆ ಅಂಟಿಸುತ್ತೇನೆ.

ಬೈಟುಗಳು ಸಿಕ್ಕ ಮಾತ್ರಕ್ಕೆ ಕನ್ನಡ ಸಿಗುವುದಿಲ್ಲ, ಇದು ಈ ಬೋರ್ಡಿನ ದೋಷವೂ ಅಲ್ಲ. ಭಾರತೀಯ ಲಿಪಿಗಳಿಗಾಗಿ ರೂಪಿಸಿದ 1991ರ ಇಸ್ಕಿ ಸಂಕೇತದಲ್ಲಿದ್ದ ಕಡತಗಳು ಯುನಿಕೋಡಿಗೆ ಸಲೀಸಾಗಿ ಬಂದವು, ಎರಡರಲ್ಲೂ ಅಕ್ಷರಗಳು ಉಚ್ಚಾರದ ಕ್ರಮದಲ್ಲೇ ಇರುತ್ತವೆ. ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರಿನವು ಹಾಗಲ್ಲ. ಅಲ್ಲಿ ಒಂದು ಸಂಖ್ಯೆ ಎಂದರೆ ಅಕ್ಷರವಲ್ಲ, ಫಾಂಟಿನ ಒಂದು ತುಂಡು: ತಲೆಕಟ್ಟು, ಕೊಂಬು, ಒತ್ತು. ಆ ಫಾಂಟು ಇಲ್ಲದಿದ್ದರೆ ತೆರೆಯ ಮೇಲೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾತ್ರೆ. ಕೀಲಿಮಣೆಯ ಪಕ್ಕ ಅಂಟಿಸಿದ್ದ ಫಾಂಟಿನ ಹಳದಿ ಚಾರ್ಟನ್ನು ಚಿಕ್ಕಪ್ಪ ಎಸೆಯದೇ ಇದ್ದದ್ದು ನನ್ನ ಪುಣ್ಯ.

ನಾಲ್ಕಾರು ಫ್ಲಾಪಿ ಮಾತ್ರ ಇರುವವರು ಇದನ್ನು ಕೊಳ್ಳುವುದು ದಂಡ. ಇದ್ದವರ ಬಳಿ ಓದಿಸಿಕೊಳ್ಳಿ. ಡಬ್ಬಿಗಟ್ಟಲೆ ಇದ್ದರೆ ಕೊಳ್ಳಿ, ಆದರೆ ಒಳ್ಳೆಯ ಡ್ರೈವ್ ಸಿಕ್ಕ ಮೇಲೆ. ಮೂರು ವರ್ಷದಲ್ಲಿ ಬೋರ್ಡು ಒಮ್ಮೆಯೂ ಕೈಕೊಟ್ಟಿಲ್ಲ. ನನ್ನಲ್ಲಿ ಇನ್ನು ಹನ್ನೊಂದು ತಟ್ಟೆಗಳು ಉಳಿದಿವೆ. ತೊಳೆದರೆ ಒಣಗುವ ಹವೆ ಈಗಿಲ್ಲ, ದೀಪಾವಳಿ ಕಳೆದ ಮೇಲೆ ಡಬ್ಬಿ ತೆರೆಯುತ್ತೇನೆ.