ಮಸ್ಕತ್‌ನ ಬದುಕು ಬರೆದಾಯ್ತು, ಹೇಗೆ ಪ್ರಕಟಿಸಲಿ?

ಮಸ್ಕತ್‌ನಲ್ಲಿ ಕೆಲಸದಲ್ಲಿರುವ ಮಂಡ್ಯದ ಗೆಳೆಯರು ಅಲ್ಲಿನ ತಮ್ಮ ಬದುಕಿನ ಬಗ್ಗೆ ಪುಸ್ತಕ ಬರೆದು ಕೇಳಿದ್ದಾರೆ: ಮೈಸೂರಿನ ಪ್ರೆಸ್ಸೋ, ಬೇಡಿಕೆಗೆ ತಕ್ಕ ಮುದ್ರಣವೋ, ಇ-ಪುಸ್ತಕವೋ?

ಪ್ರೆಸ್ಸಿನಲ್ಲಿ ಆಫ್‌ಸೆಟ್, ಅಂದರೆ ಒಟ್ಟಿಗೇ ಅಚ್ಚು ಹಾಕಿಸುವ ಮುದ್ರಣ ಆದರೆ ಕೆಲವು ನೂರು ಪ್ರತಿಯಾದರೂ ಹಾಕಿಸಬೇಕು. ಹಣ ಮೊದಲೇ ಹೋಗುತ್ತದೆ, ಕಟ್ಟುಗಳನ್ನು ಊರಿನ ಮನೆಯವರೇ ಇಟ್ಟುಕೊಂಡು ಹಂಚಬೇಕು. ಬೇಡಿಕೆಯ ಮುದ್ರಣದಲ್ಲಿ ಒಂದೇ ಪ್ರತಿಯೂ ಸಿಗುತ್ತದೆ, ಬೆಲೆ ಮಾತ್ರ ಜಾಸ್ತಿ. ಇ-ಪುಸ್ತಕಕ್ಕೆ ಕಾಗದದ ಖರ್ಚಿಲ್ಲ.

ದೂರದಿಂದ ಕರಡು ತಿದ್ದುವುದೇ ನಿಜವಾದ ಕಷ್ಟ. ಮೊಬೈಲ್, ಕಂಪ್ಯೂಟರುಗಳಲ್ಲಿ ಈಗ ಬಳಸುವ ಯೂನಿಕೋಡ್‌ನಲ್ಲಿ ಬರೆದದ್ದನ್ನು ಪ್ರೆಸ್ಸಿನವರು ನುಡಿ ತಂತ್ರಾಂಶದ ಹಳೆಯ ಅಕ್ಷರಕ್ಕೆ ಬದಲಿಸುವಾಗ ಒತ್ತಕ್ಷರ ಕೆಡಬಹುದು. ಪಿಡಿಎಫ್ ತರಿಸಿಕೊಂಡು ಪುಟಪುಟವೂ ಓದಿ. ಇ-ಪುಸ್ತಕದಲ್ಲಿ ಆಮೇಲೂ ತಿದ್ದಬಹುದು.

ಊರಲ್ಲಿ ಬಿಡುಗಡೆ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಆಸೆ ಇದ್ದರೆ ಆಫ್‌ಸೆಟ್. ಓದುಗರು ಗಲ್ಫ್‌ನಲ್ಲೇ ಹೆಚ್ಚಿದ್ದರೆ ಇ-ಪುಸ್ತಕ. ಮನೆಮಂದಿಗಷ್ಟೇ ಎಂದರೆ ಬೇಡಿಕೆಯ ಮುದ್ರಣ ಸಾಕು. ಯಾವುದಾದರೂ ಸರಿ, ಮಾಲೀಕರ, ಜೊತೆಗಾರರ ಹೆಸರು ಬದಲಿಸಿಬಿಡಿ. ನೀವಿನ್ನೂ ಅಲ್ಲೇ ಕೆಲಸದಲ್ಲಿದ್ದೀರಿ.