ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಪುಕ್ಕಟೆ ಸಿಗೋ ಆಪರೇಟಿಂಗ್ ಸಿಸ್ಟಮ್) ಹಾಕಿ ಮೂರು ವರ್ಷದ ಹತ್ರ ಬಂತು, ಹೆಂಗೈತಿ ಅಂದ್ರ

ನಂದು ಬಾಗಲಕೋಟಿ ನವನಗರದಾಗ ಸಣ್ಣ ಝೆರಾಕ್ಸ್-ಡಿಟಿಪಿ ಅಂಗಡಿ. ಲ್ಯಾಪ್‌ಟಾಪ್ 2014ರದ್ದು, ಐ3, 4 ಜಿಬಿ ರ‍್ಯಾಮ್, ವಿಂಡೋಸ್ 8.1. 2023ರ ಜನವರಿ 10ಕ್ಕ 8.1ಕ್ಕ ಅಪ್‌ಡೇಟ್ ಬರೋದು ಬಂದ್ ಆತು, 11 ಹಾಕೋಣು ಅಂದ್ರ ಟಿಪಿಎಂ 2.0 (ಸುರಕ್ಷತಾ ಚಿಪ್) ಬೇಕು, ಇಂಟೆಲ್ ಆದ್ರ 8ನೇ ಜನರೇಶನ್ ಪ್ರೊಸೆಸರ್ ಬೇಕು, ನಮ್ದು 4ನೇದ್ದು, ಅಲ್ಲಿಗೆ ಮುಗೀತು ಕಥಿ. 10 ಹಾಕಬಹುದಿತ್ತು ಖರೇ, ಆದ್ರ ಅದರ ಆಯುಷ್ಯನೂ 2025ರ ಅಕ್ಟೋಬರ್ 14ರ ತನಾ ಅಷ್ಟ. ರಿಪೇರಿ ಹುಡುಗ "ಅಣ್ಣಾ, ನಾಕ್ನೂರು ಕೊಡ್ರಿ, ಕ್ರ್ಯಾಕ್ ಹಾಕಿ ಕೊಡ್ತೀನಿ" ಅಂದ, ಅಂದ್ರ ಲೈಸೆನ್ಸ್ ಇಲ್ಲದ ಕಳ್ಳ ಕಾಪಿ. ಮಂದಿ ಆಧಾರ್, ಪಹಣಿ ಎಲ್ಲಾ ಇದರಾಗ ತೆಗೆಯೋದು, ಬ್ಯಾಡಪ್ಪಾ ಅಂದೆ.

ಸಂಕ್ರಾಂತಿ ಮರುದಿನ ಮಿಂಟ್ 21.1 ಎಕ್ಸ್‌ಎಫ್‌ಸಿಇ (ಹಳೇ ಮಶೀನಿಗೆ ಹಗೂರಾದ ಆವೃತ್ತಿ) ಹಾಕಾಕ ಕುಂತೆ. ಮನ್ಯಾಗಿನಾಕಿ "ಕರಿ ದಿನ ಹೊಸಾದು ಮಾಡಬಾರದ್ರೀ" ಅಂದ್ಲು, ಹಳೇದಕ್ಕ ಜೀವಾ ಕೊಡಾಕತ್ತೀನಿ ತಗೋ ಅಂದೆ. ಮಂದಿ ಹೆದರಿಸಿದಷ್ಟು ಕಷ್ಟ ಇಲ್ರಿ. ರೂಫಸ್ ಅನ್ನೋ ಟೂಲ್‌ನಾಗ ಮಿಂಟ್ ಪೆನ್‌ಡ್ರೈವ್ ಮಾಡಿ ಅದರಿಂದನ ಲ್ಯಾಪ್‌ಟಾಪ್ ಚಾಲೂ (ಬೂಟ್) ಮಾಡಿದ್ರ ಇನ್‌ಸ್ಟಾಲ್ ಮಾಡದನ ಓಡಿಸಿ ನೋಡಬಹುದು, ವೈಫೈ ಹತ್ತತೈತೋ ಇಲ್ಲೋ, ಸೌಂಡ್ ಬರ್ತೈತೋ ಇಲ್ಲೋ ಅಲ್ಲೇ ಗೊತ್ತಾಕ್ಕೈತಿ. ಒಂದ ಮಾತು, "ಎರೇಸ್ ಡಿಸ್ಕ್" ಅಂತ ಒತ್ತಿದ್ರ ಡಿ ಡ್ರೈವೂ ಹೋಕ್ಕೈತಿ, ಬರೀ ಸಿ ಅಲ್ಲ.

ಕನ್ನಡ ಟೈಪಿಂಗ್ ಹೆಂಗ ಅನ್ನೋದ ನನಗಿದ್ದ ದೊಡ್ಡ ಚಿಂತಿ. ಕೀಬೋರ್ಡ್ ಸೆಟ್ಟಿಂಗ್ಸ್‌ನಾಗ ಕನ್ನಡ ಕಗಪ ಅನ್ನೋ ಕೀಲಿ ಜೋಡಣಿ (ಲೇಔಟ್) ಮೊದಲ ಐತಿ, ಬೇರೆ ಸಾಫ್ಟ್‌ವೇರ್ ಬೇಕಿಲ್ಲ. ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ರೂಢಿ ಇದ್ದ ಬೆರಳಿಗೆ ಎಫ್ ಒತ್ತಿ ಒತ್ತಕ್ಷರ ಮಾಡೋದು ಇಲ್ಲೂ ಹಂಗ ನಡೀತೈತಿ. ಗುಬ್ಬಿ, ನವಿಲು ಫಾಂಟ್ ಪುಕ್ಕಟೆ ಸಿಗ್ತಾವ. ತ್ರಾಸ್ ಕೊಟ್ಟಿದ್ದು ನನ್ನ ಹಳೇ ಫೈಲ್. ಯುನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದ ಥರದ ಅಕ್ಷರ ಪದ್ಧತಿ) ಅಲ್ದ ಹಳೇ ನುಡಿ ಫಾಂಟಿನಾಗ ಮಾಡಿದ ಲಗ್ನಪತ್ರಿಕೆ ಲಿಬ್ರೆಆಫೀಸ್‌ನಾಗ (ವರ್ಡ್ ಥರದ ಪುಕ್ಕಟೆ ಸಾಫ್ಟ್‌ವೇರ್) ತೆಗೆದ್ರ "ಕನ್ನಡ" ಅಂತ ಇದ್ದಲ್ಲಿ ಇಂಗ್ಲಿಷ್ ಪಿ, ಪೌಂಡ್ ರೊಕ್ಕದ ಗುರ್ತು, ತಲಿ ಮ್ಯಾಲ ಗೀಟು ಹಾಕಿದ ಎ, ಹಿಂಗ ಕಾಣ್ತಿತ್ತು. ಆ ಹಳೇ ಫಾಂಟನ್ನ ಮಿಂಟಿಗೂ ಹಾಕಿದ ಮ್ಯಾಲ ಓದಾಕ ಬಂತು, ಆದ್ರ ಯುನಿಕೋಡಿಗೆ ತಿರುವಿದಾಗ ಅರ್ಕಾವೊತ್ತು ಜಾಗಾ ಬಿಟ್ಟು ಓಡ್ತಾವ, ಎಲ್ಲಾ ಕೈಲೆ ತಿದ್ದಬೇಕು.

ಇನ್ನ ಅಪ್‌ಗ್ರೇಡ್. 21.2, 21.3 ಎರಡೂ ಅಪ್‌ಡೇಟ್ ಮ್ಯಾನೇಜರ್‌ನಾಗ ಒಂದ ಕ್ಲಿಕ್ಕಿಗೆ ಬಂದ್ವು. (21.1 ಹಿಡಿದು ಇವುಕ್ಕ ವೆರಾ, ವಿಕ್ಟೋರಿಯಾ, ವರ್ಜೀನಿಯಾ ಅಂತ ಹೆಣ್ಮಕ್ಕಳ ಹೆಸರು ಇಟ್ಟಾರ, ಚಂದ ಐತಿ.) 22ಕ್ಕ ಹೋಗೋದು ಮಾತ್ರ ಬ್ಯಾರೇ ಕೆಲಸ, ಮಿಂಟ್‌ಅಪ್‌ಗ್ರೇಡ್ ಅಂತ ಟೂಲ್ ಹಾಕೋಬೇಕು, ಅದು ಮೊದಲ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್ (ಸಿಸ್ಟಮ್ ಕೆಟ್ರ ಮೊದಲಿನಂಗ ತರಾಕ ಇಡೋ ನಕಲು) ತಗೀರಿ ಅಂತೈತಿ. ನಾನು ಬೇಸರ ಮಾಡ್ಕೊಂಡ ತಗೊಂಡೆ. 2024ರ ದೀಪಾವಳಿ ಟೈಮಿಗೆ ಅರ್ಧಾ ಪ್ಯಾಕೇಜ್ ಇಳದಿದ್ವು, ಅರ್ಧಾ ಕುಂಡ್ರಾಕತ್ತಿದ್ವು, ಕರೆಂಟ್ ಹೋತು. ಬ್ಯಾಟರಿ ಸತ್ತು ಯಾವ ಕಾಲಾತೋ, ಟಪ್ಪಂತ ಬಂದ್. ಕರೆಂಟ್ ಬಂದ ಮ್ಯಾಲ ಚಾಲೂ ಮಾಡಿದ್ರ ಕರೀ ಸ್ಕ್ರೀನು, ಮ್ಯಾಲ ಒಂದು ಬಿಳೀ ಗೆರಿ ಮಿಣ್ ಮಿಣ್ ಅಂತೈತಿ ಅಷ್ಟ. ಹಳೇ ಪೆನ್‌ಡ್ರೈವ್ ಹುಡುಕಿ ಅದರಿಂದ ಬೂಟ್ ಮಾಡಿ, ಅದರಾಗಿನ ಟೈಮ್‌ಶಿಫ್ಟಿಂದ ರಿಸ್ಟೋರ್ ಕೊಟ್ಟೆ, 21.3 ಇದ್ದಂಗ ಬಂತು. ತಪ್ಪು ನಂದ, ಬಾಜೂ ಅಂಗಡಿ ಯುಪಿಎಸ್ ಇಸ್ಕೊಂಡು ಎರಡನೇ ಸಲ ಮಾಡಿದೆ, ಸುರಳೀತ ಆತು. ಟೈಮ್‌ಶಿಫ್ಟ್ ಸಿಸ್ಟಮ್ ಫೈಲ್ ಅಷ್ಟ ಇಡತೈತಿ, ನಿಮ್ಮ ಫೋಟೋ ಡಾಕ್ಯುಮೆಂಟ್ ತಾನಾಗಿ ಇಡಂಗಿಲ್ಲ, ಅವನ್ನ ಬ್ಯಾರೇ ಕಡೆ ಕಾಪಿ ಇಡ್ರಿ.

ಐದಕ್ಕ ನಾಕು ಕೊಡ್ತೀನಿ. ಒಂದು ಕಡಿಮಿ ಯಾಕಂದ್ರ ಅಂಗಡ್ಯಾಗಿನ ಲೇಸರ್ ಪ್ರಿಂಟರಿಗೆ ಲಿನಕ್ಸ್ ಡ್ರೈವರ್ ಹಾಕೋದ್ರಾಗ ಎರಡು ದಿನ ಹೋತು, ಈಗೂ ಒಮ್ಮೊಮ್ಮಿ ಪ್ರಿಂಟ್ ಕೊಟ್ರ ಸುಮ್ಮ ಕುಂಡ್ರತೈತಿ. ಟ್ಯಾಲಿ ಸಾಫ್ಟ್‌ವೇರ್‌ನಾಗ ಲೆಕ್ಕ ಮಾಡೋರಿಗೂ ಇದು ಆಗಂಗಿಲ್ಲ, ನಾನೂ ಅದಕ್ಕ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ವಿಂಡೋಸ್‌ನಾಗ ಇಟ್ಟೀನಿ. ಉಳಿದದ್ದೆಲ್ಲಾ, ಬ್ರೌಸರ್, ಸ್ಕ್ಯಾನ್, ಅರ್ಜಿ ತುಂಬೋದು, ದಿನಾ ಇದರಾಗನ. 22ಕ್ಕ 2029ರ ತನಾ ಸಪೋರ್ಟ್ ಐತಿ, ಅಷ್ಟರಾಗ ಕೀಬೋರ್ಡಿನ ಅಕ್ಷರ ಸವದು ಹೋಕ್ಕಾವ, ಸಾಫ್ಟ್‌ವೇರ್ ಅಲ್ಲ. ಹಳೇ ಪತ್ರಿಕೆ ಫೈಲ್ ಇನ್ನೂ ಇನ್ನೂರ ಮ್ಯಾಲ ಅದಾವ ತಿದ್ದೋದು, ಲಗ್ನದ ಸೀಸನ್ ಮುಗೀಲಿ, ಆಮ್ಯಾಲ ನೋಡೋಣು.